ವೀಣೆಯ ಹೆಸರಿನ ಸರೋವರ

ವಿಹಾರವೆಂಬ ಶಬ್ದಕ್ಕೆ ಎರಡು ಅರ್ಥಗಳು ರೂಢಿಯಲ್ಲಿರುವುವು. ಮನಸ್ಸಿಗೆ ಉಲ್ಲಾಸವಾಗುವಂತೆ ಅಡ್ಡಾಡುವುದು ಒಂದು. ಭಿಕ್ಷುಗಳು ನಿಯಮದಿಂದ ವಾಸಿಸುವ ಸ್ಥಾನ ಇನ್ನೊಂದು. ಮೇಲುನೋಟಕ್ಕೆ ಇವೆರಡೂ ಒಂದಕ್ಕೊಂದು ಸೇರದ ಮಾತುಗಳು. ಆಟವಾಡಲು ಹೊರಟವನಿಗೆ ನಿಯಮ ಬೇಡ. ನಿಯಮ ಹಿಡಿದವನಿಗೆ ಆಟ ಬೇಡ. ಆದರೆ ಇವೆರಡೂ ಒಂದೇ ದಡದಲ್ಲಿ ಕೂಡಿ ಬಾಳುವುದನ್ನು ನೋಡಬೇಕೆಂಬವರಿಗೆ ನಾವು ಜಪಾನ್ ದೇಶದ ಬಿವಾ ಸರೋವರವನ್ನು ತೋರಿಸುವೆವು. ಅಲ್ಲಿ ಮಕ್ಕಳು ಈಜುವರು, ತರುಣರು ಹುಟ್ಟು ಹಾಕುವರು, ವೃದ್ಧರು ದೋಣಿಯಲ್ಲಿ ಕುಳಿತು ಹೂವು ನೋಡುವರು. ಇಷ್ಟೆಲ್ಲ ಆಟದ ಹಿಂದೆ ಮನೆಮನೆಯ ಹೆಂಗಸರು ಹಿಡಿದ ಒಂದು ವ್ರತವಿರುವುದು. ಆ ವಿಹಾರವನ್ನೂ ಈ ವ್ರತವನ್ನೂ ಒಟ್ಟಿಗೆ ಹೇಳುವುದೇ ಈ ಲೇಖನದ ಉದ್ದೇಶ.

ಸರೋವರದ ಪರಿಚಯ

ಜಪಾನಿನ ಹೊನ್‌ಶೂ ದ್ವೀಪದ ನಡುಭಾಗದಲ್ಲಿ, ಹಳೆಯ ರಾಜಧಾನಿಯಾದ ಕ್ಯೋಟೋ ನಗರದಿಂದ ಒಂದು ಬೆಟ್ಟದ ಸಾಲನ್ನು ದಾಟಿದರೆ ಶಿಗಾ ಪ್ರಾಂತ. ಆ ಪ್ರಾಂತದ ಆರರಲ್ಲಿ ಒಂದು ಪಾಲು ನೆಲವಲ್ಲ, ನೀರು. ಸರೋವರದ ವಿಸ್ತಾರ ಸುಮಾರು ೬೭೦ ಚದರ ಕಿಲೋಮೀಟರು. ಉತ್ತರ ದಕ್ಷಿಣವಾಗಿ ಉದ್ದ ೬೩ ಕಿಲೋಮೀಟರಿಗೂ ಮಿಕ್ಕುದು. ದಡದ ಸುತ್ತಳತೆ ೨೩೫ ಕಿಲೋಮೀಟರು. ಜಪಾನಿನ ಸರೋವರಗಳಲ್ಲೆಲ್ಲ ಇದೇ ದೊಡ್ಡದು. ಭೂಗರ್ಭಶಾಸ್ತ್ರಜ್ಞರ ಲೆಕ್ಕದಲ್ಲಿ ಇದರ ವಯಸ್ಸು ನಲವತ್ತು ಲಕ್ಷ ವರ್ಷಗಳಷ್ಟು. ಇಷ್ಟು ಪುರಾತನವಾದ ಸರೋವರಗಳು ಭೂಮಂಡಲದಲ್ಲಿಯೇ ವಿರಳ. ಸೈಬೀರಿಯಾದ ಬೈಕಾಲ್, ಆಫ್ರಿಕಾದ ಟ್ಯಾಂಗನೀಕಾ ಇವು ಇದರ ಹಿರಿಯ ಬಂಧುಗಳು. ಬೇರೆಲ್ಲಿಯೂ ಕಾಣದ ಅರುವತ್ತಕ್ಕೂ ಹೆಚ್ಚು ಬಗೆಯ ಜೀವಿಗಳು ಈ ನೀರಿನಲ್ಲಿರುವುವು.

ಬಿವಾ ಎಂಬುದು ಜಪಾನೀಯರ ತಂತಿವಾದ್ಯ. ಅದರ ಹೊಟ್ಟೆ ಅಗಲ, ಕೊರಳು ಸಣ್ಣ. ಸರೋವರದ ಉತ್ತರಭಾಗವು ಆ ಹೊಟ್ಟೆಯಂತೆ ವಿಶಾಲವಾಗಿಯೂ ದಕ್ಷಿಣಭಾಗವು ಕೊರಳಿನಂತೆ ಕಿರಿದಾಗಿಯೂ ಇರುವುದರಿಂದ ಈ ಹೆಸರು ಬಂದಿತೆನ್ನುವರು. ಎರಡು ಭಾಗಗಳ ಸ್ವಭಾವವೂ ಬೇರೆ. ಉತ್ತರದ ನೀರು ತಿಳಿ, ತಂಪು, ಆಳ. ಅತಿ ಆಳವಾದ ಕಡೆ ೧೦೪ ಮೀಟರು. ದಕ್ಷಿಣದಲ್ಲಿ ಸರಾಸರಿ ಆಳ ನಾಲ್ಕು ಮೀಟರು ಮಾತ್ರ. ನೂರಾರು ಹೊಳೆಹಳ್ಳಗಳು ಸರೋವರಕ್ಕೆ ಬಂದು ಸೇರುವುವು. ತಾನಾಗಿ ಹೊರಗೆ ಹರಿಯುವ ನದಿ ಮಾತ್ರ ಒಂದೇ, ಸೇತಾ. ಅದೇ ಮುಂದೆ ಉಜಿ ಎಂದೂ ಯೋದೋ ಎಂದೂ ಹೆಸರು ಬದಲಿಸಿಕೊಂಡು ಓಸಾಕಾ ನಗರದ ಬಳಿ ಸಮುದ್ರವನ್ನು ಸೇರುವುದು. ಕ್ಯೋಟೋ, ಓಸಾಕಾ, ಕೋಬೆ ಪ್ರದೇಶಗಳ ಸುಮಾರು ಒಂದು ಕೋಟಿ ನಲವತ್ತು ಲಕ್ಷ ಜನರಿಗೆ ಈ ಸರೋವರದ ನೀರೇ ಕುಡಿಯುವ ನೀರು. ಇಲ್ಲಿ ವಿಹಾರಕ್ಕೆ ಹೋಗುವವನು ಮತ್ತೊಬ್ಬರ ನೀರಿನ ಕೊಡದ ಅಂಚಿನಲ್ಲಿ ಆಡುತ್ತಿರುವನೆಂಬುದನ್ನು ವಾಚಕರು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ದೇಶವೂ ಕಾಲವೂ

ಈ ಪ್ರಾಂತದ ಹಳೆಯ ಹೆಸರು ಓಮಿ. ಚೀನಾ ದೇಶದ ಒಂದು ಹಳೆಯ ಪದ್ಧತಿಯನ್ನು ಅನುಸರಿಸಿ ಜಪಾನಿನ ರಸಿಕರು ‘ಓಮಿಯ ಎಂಟು ನೋಟಗಳು’ ಎಂದು ಎಂಟನ್ನು ಆರಿಸಿಟ್ಟರು. ಹಿರೋಶಿಗೆ ಮೊದಲಾದ ಚಿತ್ರಕಾರರು ಅವನ್ನು ಚಿತ್ರಿಸಿ ಮನೆಮನೆಗೆ ಮುಟ್ಟಿಸಿದರು. ಇಶಿಯಾಮದ ಶರಚ್ಚಂದ್ರ, ಸೇತಾ ಸೇತುವೆಯ ಸಂಜೆಗೆಂಪು, ಆವಾಜುವಿನ ತಿಳಿಗಾಳಿ, ಯಾಬಾಸೆಗೆ ಮರಳುವ ಹಾಯಿದೋಣಿಗಳು, ಮೀಯಿ ದೇವಾಲಯದ ಸಂಜೆಯ ಘಂಟೆ, ಕರಾಸಾಕಿಯ ಇರುಳಮಳೆ, ಕತಾತದಲ್ಲಿ ಇಳಿಯುವ ಹೆಬ್ಬಾತುಗಳು, ಹಿರಾ ಬೆಟ್ಟದ ಮುಚ್ಚಂಜೆಯ ಹಿಮ: ಇವೇ ಆ ಎಂಟು. ಇವುಗಳಲ್ಲಿ ಒಂದೂ ಬರಿಯ ಸ್ಥಳವಲ್ಲ. ನಾವು ಸಂಕಲ್ಪ ಮಾಡುವಾಗ ದೇಶಕಾಲಗಳೆರಡನ್ನೂ ಉಚ್ಚರಿಸುವಂತೆ, ಇಲ್ಲಿಯೂ ಸ್ಥಳದೊಡನೆ ಹೊತ್ತು ಋತುಗಳನ್ನು ಜೋಡಿಸಿರುವರು. ಒಂದೇ ಮಧ್ಯಾಹ್ನದಲ್ಲಿ ಎಂಟನ್ನೂ ನೋಡಿ ಮುಗಿಸಿದೆವೆನ್ನುವ ಪ್ರವಾಸಿಯು ಒಂದನ್ನೂ ನೋಡಲಿಲ್ಲವೆಂದೇ ಅರ್ಥ.

ಆದುದರಿಂದ ಮೊದಲು ಕಾಲದ ಮಾತು. ಏಪ್ರಿಲ್ ತಿಂಗಳು ಸಾಕುರಾ ಹೂವಿನದು. ಉತ್ತರ ತೀರದ ಕೈಜು ಓಸಾಕಿಯಲ್ಲಿ ನಾಲ್ಕು ಕಿಲೋಮೀಟರಿನಷ್ಟು ದೂರ ಸುಮಾರು ಎಂಟುನೂರು ಮರಗಳು ನೀರಿನ ಮೇಲೆ ಬಾಗಿ ಹೂ ಬಿಡುವುವು. ಅದನ್ನು ದೋಣಿಯಿಂದ ನೋಡುವುದೇ ಮೇಲು. ಜುಲೈ, ಆಗಸ್ಟ್ ತಿಂಗಳುಗಳು ಈಜುವವರವು, ಸೆಕೆ ಬಹಳ. ನವೆಂಬರಿನಲ್ಲಿ ಮೇಪಲ್ ಮರಗಳ ಎಲೆ ಕೆಂಪಾಗುವುದು. ಚಳಿಗಾಲದಲ್ಲಿ ಸೈಬೀರಿಯಾದ ಹಂಸಗಳು ಉತ್ತರದ ದಡಕ್ಕೆ ಬಂದಿಳಿಯುವುವು. ಕಾವ್ಯದಲ್ಲಿ ಮಾತ್ರ ಹಂಸವನ್ನು ಕಂಡಿದ್ದ ನಮ್ಮಂಥ ಪಾಠಶಾಲೆಯ ಪಂಡಿತರಿಗೆ ಅದು ದೊಡ್ಡ ಭಾಗ್ಯ.

ದಕ್ಷಿಣದ ದಡ

ಕ್ಯೋಟೋ ನಿಲ್ದಾಣದಿಂದ ರೈಲುಗಾಡಿಯಲ್ಲಿ ಹತ್ತು ನಿಮಿಷಕ್ಕೆ ಓತ್ಸು ಎಂಬ ಊರು ಸಿಕ್ಕುವುದು. ಮೊದಲ ದಿನಕ್ಕೆ ಇದೇ ಸಾಕು. ಮೀಯಿ ದೇವಾಲಯದ ಘಂಟೆಯನ್ನು ಕೇಳಬಹುದು. ಸೇತಾ ನದಿಯ ದಡದ ಇಶಿಯಾಮ ದೇವಾಲಯಕ್ಕೆ ಹೋಗಬಹುದು. ಮುರಸಾಕಿ ಶಿಕಿಬು ಎಂಬ ವಿದುಷಿಯು ಅಲ್ಲಿ ಚಂದ್ರನನ್ನು ನೋಡುತ್ತ ಗೆಂಜಿಯ ಕಥೆಯನ್ನು ಬರೆಯಲಾರಂಭಿಸಿದಳೆಂದು ಪ್ರತೀತಿ. ಓತ್ಸುವಿನ ಬಂದರಿನಿಂದ, ಹಿಂಬದಿಯಲ್ಲಿ ದೊಡ್ಡ ಚಕ್ರ ತಿರುಗುವ ವಿಹಾರದ ಹಡಗೊಂದು ದಕ್ಷಿಣ ಸರೋವರವನ್ನು ಸುತ್ತಿ ಬರುವುದು. ಮಕ್ಕಳಿಗೆ ಅದು ಬಲು ಪ್ರೀತಿ.

ಮೇಲಿನ ಎಂಟು ನೋಟಗಳಲ್ಲಿ ಒಂದಾದ ಯಾಬಾಸೆಯನ್ನು ಹುಡುಕಿಕೊಂಡು ಹೋಗುವವರಿಗೆ ಇಂದು ಹಾಯಿದೋಣಿಗಳು ಕಾಣವು. ಆ ತೀರದ ಎದುರಿಗೆ ಮಣ್ಣು ತುಂಬಿ ಒಂದು ದ್ವೀಪವನ್ನು ಮಾಡಿರುವರು. ಅದರ ಮೇಲೆ ಮಕ್ಕಳು ಆಡುವ ಉದ್ಯಾನವೂ, ಊರೂರುಗಳ ಕೊಳೆನೀರನ್ನು ಶುದ್ಧಿಮಾಡುವ ದೊಡ್ಡ ಕಾರ್ಯಾಗಾರವೂ ಇರುವುವು. ರಸಿಕರು ಮೂಗು ಮುರಿಯಬಹುದು. ನಮಗಾದರೋ, ಉಳಿದ ಏಳು ನೋಟಗಳನ್ನು ಉಳಿಸುವುದಕ್ಕಾಗಿ ಎಂಟನೆಯದು ತನ್ನ ಚೆಲುವನ್ನು ತೆತ್ತುದಾಗಿ ತೋರಿತು.

ಓತ್ಸುವಿನಿಂದ ಕ್ಯೋಟೋವಿಗೆ ಬೆಟ್ಟವನ್ನು ಕೊರೆದು ತಂದ ಕಾಲುವೆಯೊಂದುಂಟು. ೧೮೬೯ರಲ್ಲಿ ಚಕ್ರವರ್ತಿಯು ಟೋಕಿಯೋವಿಗೆ ಹೋದ ಮೇಲೆ ಕ್ಯೋಟೋ ನಗರವು ಕಳೆಗುಂದಿತು. ಅದನ್ನು ಎತ್ತಿ ನಿಲ್ಲಿಸುವುದಕ್ಕಾಗಿ ೧೮೮೫ರಲ್ಲಿ ಕೆಲಸವನ್ನು ಆರಂಭಿಸಿ ೧೮೯೦ರಲ್ಲಿ ಮುಗಿಸಿದರು. ಇದರ ಯಂತ್ರಶಿಲ್ಪಿ ತನಾಬೆ ಸಾಕುರೋ ಆಗ ವಿದ್ಯಾಶಾಲೆಯಿಂದ ಹೊರಬಿದ್ದ ಇಪ್ಪತ್ತರ ಹರೆಯದ ತರುಣ. ಈ ನೀರಿನ ಬಲದಿಂದಲೇ ೧೮೯೧ರಲ್ಲಿ ಕೇಆಗೆ ಎಂಬಲ್ಲಿ ವಿದ್ಯುಚ್ಛಕ್ತಿ ಹುಟ್ಟಿ, ೧೮೯೫ರಲ್ಲಿ ಕ್ಯೋಟೋವಿನ ಬೀದಿಯಲ್ಲಿ ಟ್ರಾಮುಗಾಡಿ ಓಡಿತು. ಸರಕಿನ ದೋಣಿಗಳು ೧೯೫೧ರ ಹೊತ್ತಿಗೆ ನಿಂತುಹೋದುವು. ೨೦೧೮ರಿಂದ ವಸಂತದಲ್ಲಿಯೂ ಶರತ್ಕಾಲದಲ್ಲಿಯೂ ಪ್ರವಾಸಿಗಳಿಗಾಗಿ ಮತ್ತೆ ದೋಣಿ ಬಿಡುತ್ತಿರುವರು. ಇಟ್ಟಿಗೆಯ ಸುರಂಗದ ಕತ್ತಲೆಯಿಂದ ಹೂವಿನ ಬೆಳಕಿಗೆ ಬರುವ ಆ ಪಯಣಕ್ಕೆ ಮುಂಚಿತವಾಗಿಯೇ ಸ್ಥಳವನ್ನು ಕಾದಿರಿಸಬೇಕು.

ಎರಡನೆಯ ದಿನ ಹಿಯೇಯ್ ಪರ್ವತ. ಸಾಕಾಮೋಟೋ ಎಂಬಲ್ಲಿಂದ ಹಗ್ಗ ಕಟ್ಟಿ ಎಳೆಯುವ ಗಾಡಿಯೊಂದು ಬೆಟ್ಟವನ್ನೇರುವುದು. ೧೯೨೭ರಲ್ಲಿ ಆರಂಭವಾದ ಈ ದಾರಿಯ ಉದ್ದ ೨೦೨೫ ಮೀಟರು. ಜಪಾನಿನಲ್ಲಿ ಈ ಬಗೆಯ ದಾರಿಗಳಲ್ಲಿ ಇದೇ ಉದ್ದವಾದುದು. ಮೇಲೆ ಸೈಚೋ ಎಂಬ ಆಚಾರ್ಯನು ೭೮೮ರಲ್ಲಿ ಸ್ಥಾಪಿಸಿದ ಎನ್‌ರ್ಯಾಕುಜಿ ಎಂಬ ಮಹಾವಿಹಾರವಿರುವುದು. ಅವನು ಹಚ್ಚಿದ ನಂದಾದೀಪವು ಇಂದಿಗೂ ಉರಿಯುತ್ತಿದೆಯೆನ್ನುವರು. ೧೫೭೧ರಲ್ಲಿ ಓದಾ ನೊಬುನಾಗನು ಬೆಟ್ಟವನ್ನೆಲ್ಲ ಸುಟ್ಟಾಗ ಅದೂ ಆರಿತು. ಆದರೆ ಅದರಿಂದಲೇ ಹಚ್ಚಿ ದೂರದ ಯಾಮಾದೆರಾ ದೇವಾಲಯಕ್ಕೆ ಕೊಟ್ಟಿದ್ದ ದೀಪದಿಂದ ಮರಳಿ ಹೊತ್ತಿಸಿದರು. ಜಪಾನೀ ಭಾಷೆಯಲ್ಲಿ ಅಜಾಗರೂಕತೆಗೆ ‘ಯುದಾನ್’ ಎನ್ನುವರು; ಅದನ್ನು ಬರೆಯುವ ಅಕ್ಷರಗಳ ಅರ್ಥ ‘ಎಣ್ಣೆ ಕಡಿಯುವುದು’ ಎಂದು. ಆ ಮಾತು ಈ ದೀಪದಿಂದಲೇ ಹುಟ್ಟಿತೆಂದು ಹೇಳುವವರುಂಟು. ಹುಟ್ಟು ಎಲ್ಲಿಯದೇ ಇರಲಿ, ದಿನದಿನವೂ ಎಣ್ಣೆ ಹೊಯ್ಯುವವರು ಇಲ್ಲದಿದ್ದರೆ ದೀಪ ಉಳಿಯದು, ಸರೋವರವೂ ಹಾಗೆಯೇ. ಬೆಟ್ಟದ ಮೇಲಿನ ಛತ್ರದಲ್ಲಿ ಮಾಂಸಮೀನುಗಳಿಲ್ಲದ ಭಿಕ್ಷುಗಳ ಊಟ ಸಿಕ್ಕುವುದು: ಎಳ್ಳಿನ ಗಿಣ್ಣು, ಸೋಯಾ ಹಾಲಿನ ಕೆನೆ, ಬೇಯಿಸಿದ ತರಕಾರಿ. ಶಾಕಾಹಾರಿಗಳಾದ ನಮ್ಮವರು ಹೊಟ್ಟೆತುಂಬ ಉಣ್ಣಬಹುದಾದ ಸ್ಥಳವಿದು.

ವಾಗ್ದೇವಿಯ ದ್ವೀಪ

ಮೂರನೆಯ ದಿನವನ್ನು ಚಿಕುಬುಶಿಮಾ ಎಂಬ ದ್ವೀಪಕ್ಕೆ ಇಡಬೇಕು. ನಾಗಹಾಮಾ, ಹಿಕೋನೆ, ಇಮಾಜು ಈ ಮೂರು ಬಂದರುಗಳಿಂದ ಹಡಗುಗಳುಂಟು. ನಾಗಹಾಮಾದಿಂದ ಅರ್ಧ ಗಂಟೆಯ ಪಯಣ. ದ್ವೀಪದ ಸುತ್ತಳತೆ ಎರಡು ಕಿಲೋಮೀಟರು ಮಾತ್ರ, ಗೃಹಸ್ಥರ ಮನೆಗಳಿಲ್ಲ. ಹಡಗಿನಿಂದ ಇಳಿದ ಕೂಡಲೇ ಎದುರಿಗೆ ಕಡಿದಾದ ೧೬೫ ಕಲ್ಲುಮೆಟ್ಟಿಲುಗಳು. ಅರುವತ್ತರ ಮೊಣಕಾಲಿನವರು ನಡುವೆ ಎರಡು ಸಲ ನಿಂತು ಹಿಂದಕ್ಕೆ ತಿರುಗಿ ನೀರನ್ನು ನೋಡಬೇಕಾಗುವುದು. ಆ ನೋಟದ ನೆಪದಲ್ಲಿ ಏದುಸಿರು ಯಾರಿಗೂ ಕಾಣದು.

ಮೇಲಿರುವ ಹೋಗೊಂಜಿ ದೇವಾಲಯದ ಅಧಿದೇವತೆ ಬೆಂಜಾಯ್‌ತೆನ್. ಈ ಬೆಂಜಾಯ್‌ತೆನ್ ಬೇರೆ ಯಾರೂ ಅಲ್ಲ; ನಮ್ಮ ಸರಸ್ವತಿ. ಬೌದ್ಧರ ಸುವರ್ಣಪ್ರಭಾಸ ಸೂತ್ರದಲ್ಲಿ ಸರಸ್ವತಿಗೆ ಒಂದು ಅಧ್ಯಾಯವುಂಟು. ಆ ಗ್ರಂಥವು ಸಂಸ್ಕೃತದಿಂದ ಚೀನೀ ಭಾಷೆಗೆ ಬಂದು, ಅಲ್ಲಿಂದ ಜಪಾನನ್ನು ಸೇರಿತು. ಅದರೊಡನೆ ದೇವಿಯೂ ಸಮುದ್ರವನ್ನು ದಾಟಿದಳು. ಇಂದ್ರನು ಅಲ್ಲಿ ತೈಶಾಕುತೆನ್, ಬ್ರಹ್ಮನು ಬೊಂತೆನ್, ವೈಶ್ರವಣನು ಬಿಶಾಮೊಂತೆನ್. ಸರಸ್ ಎಂದರೆ ನೀರಿನ ನೆಲೆ. ವೇದದ ಸರಸ್ವತಿ ಮೊದಲು ನದಿ, ಆಮೇಲೆ ವಾಣಿ. ಜಪಾನೀಯರು ಅವಳನ್ನು ನೀರಿನ ಬಳಿಯಲ್ಲಿಯೇ ಕೂರಿಸಿದರು. ಎನೋಶಿಮಾ, ಇತ್ಸುಕುಶಿಮಾ, ಚಿಕುಬುಶಿಮಾ ಈ ಮೂರು ಅವಳ ಪ್ರಸಿದ್ಧ ಸ್ಥಾನಗಳು, ಮೂರೂ ದ್ವೀಪಗಳೇ. ಎಂಟು ತೋಳುಗಳಲ್ಲಿ ಆಯುಧ ಧರಿಸಿದ ಮೂರ್ತಿಗಳೂ ಉಂಟು. ಎರಡೇ ಕೈಗಳಿಂದ ವಾದ್ಯ ನುಡಿಸುವ ಮೂರ್ತಿಗಳೂ ಉಂಟು. ಆ ವಾದ್ಯ ಯಾವುದೆನ್ನುವಿರಿ? ಬಿವಾ. ಬಿವಾ ಎಂಬ ಹೆಸರಿನ ನೀರಿನ ನಡುವೆ ಬಿವಾ ನುಡಿಸುವ ದೇವಿ ಕುಳಿತಿರುವಳು. ನವರಾತ್ರಿಯಲ್ಲಿ ಪುಸ್ತಕವಿಟ್ಟು ಪೂಜಿಸುವ ಮನೆಯವರಿಗೆ ಆ ಮೆಟ್ಟಿಲು ಹತ್ತಿದ ಶ್ರಮ ಅಲ್ಲಿ ಮರೆತುಹೋಗುವುದು.

ದ್ವೀಪದ ಇನ್ನೊಂದು ಪಕ್ಕದ ಗುಡಿಯಲ್ಲಿ ಚಿಕ್ಕ ಮಣ್ಣಿನ ತಟ್ಟೆಗಳನ್ನು ಕೊಡುವರು. ಹೆಸರನ್ನೂ ಕೋರಿಕೆಯನ್ನೂ ಬರೆದು, ಕೆಳಗೆ ದಡದಲ್ಲಿ ನಿಂತಿರುವ ತೋರಣಗಂಬದ ನಡುವೆ ಹೋಗುವಂತೆ ಎಸೆಯಬೇಕು. ಹೋದರೆ ಕೋರಿಕೆ ಕೈಗೂಡುವುದಂತೆ. ನಮ್ಮ ತಟ್ಟೆಯು ತೋರಣದ ಹತ್ತಿರಕ್ಕೂ ಹೋಗಲಿಲ್ಲ. ನಮ್ಮ ಮನೆಯವರದು ನೇರವಾಗಿ ನುಗ್ಗಿತು. ಏನು ಬರೆದಿದ್ದರೆಂಬುದನ್ನು ಇಂದಿನವರೆಗೂ ಹೇಳಿಲ್ಲ.

ಪಶ್ಚಿಮದ ದಡ

ಪಶ್ಚಿಮ ದಡದುದ್ದಕ್ಕೂ ೧೯೭೪ರಲ್ಲಿ ಹಾಕಿದ ರೈಲುದಾರಿಯಿರುವುದು. ಕಿಟಕಿಯ ಬಲಕ್ಕೆ ನೀರು, ಎಡಕ್ಕೆ ಹಿರಾ ಬೆಟ್ಟಗಳು. ತಕಾಶಿಮಾ ಸೀಮೆಯಲ್ಲಿ ಶಿರಾಹಿಗೆ ದೇವಸ್ಥಾನದ ಕೆಂಪು ತೋರಣವು ದಡದಿಂದಾಚೆ ನೀರಿನಲ್ಲಿಯೇ ನಿಂತಿದೆ. ಸೂರ್ಯೋದಯಕ್ಕೆ ಅದನ್ನು ನೋಡಲು ಜನ ಕಿಕ್ಕಿರಿಯುವರು. ಆದರೆ ಗುಡಿಗೂ ನೀರಿಗೂ ನಡುವೆ ವಾಹನಗಳು ಧಾವಿಸುವ ಹೆದ್ದಾರಿಯುಂಟು. ಛಾಯಾಚಿತ್ರದ ಆಸೆಗೆ ರಸ್ತೆಯನ್ನು ಅಡ್ಡ ಹಾಯಬಾರದೆಂದು ಅಲ್ಲಿ ಎಚ್ಚರಿಕೆ ಬರೆದಿರುವರು. ಮಕ್ಕಳ ಕೈಯನ್ನು ಬಿಡಬಾರದು.

ಇನ್ನೂ ಉತ್ತರಕ್ಕೆ ಮಾಕಿನೋ ಎಂಬಲ್ಲಿ ಮೆಟಾಸಿಕೋಯಾ ಮರಗಳ ಸಾಲುದಾರಿಯಿದೆ. ಸುಮಾರು ಐದುನೂರು ಮರಗಳು, ೨.೪ ಕಿಲೋಮೀಟರು ಉದ್ದ. ಮಿಕಿ ಶಿಗೇರು ಎಂಬ ಜಪಾನೀ ವಿದ್ವಾಂಸನು ೧೯೪೧ರಲ್ಲಿ ಕಲ್ಲಾಗಿದ್ದ ಕೊಂಬೆರೆಂಬೆಗಳನ್ನು ನೋಡಿ ಈ ಮರಕ್ಕೆ ಹೆಸರಿಟ್ಟನು. ಆ ಜಾತಿ ಎಂದೋ ನಾಶವಾಗಿರಬೇಕೆಂದು ತಿಳಿದಿದ್ದಾಗ, ಕೆಲವೇ ವರ್ಷಗಳಲ್ಲಿ ಚೀನಾ ದೇಶದ ಒಂದು ಕಣಿವೆಯಲ್ಲಿ ಜೀವಂತ ಮರಗಳು ಸಿಕ್ಕಿದುವು. ಸತ್ತಿತೆಂದು ಎಣಿಸಿದ್ದ ಮರದ ನೆರಳಿನಲ್ಲಿ ಈಗ ಮಕ್ಕಳು ಸೈಕಲ್ ತುಳಿಯುತ್ತಿರುವರು.

ಆದರೆ ಈ ದಡದಲ್ಲಿ ಗೃಹಿಣಿಯರು ತಪ್ಪದೆ ನೋಡಬೇಕಾದುದು ಹಾರಿಯೆ ಎಂಬ ಹಳ್ಳಿ. ಹಿರಾ ಬೆಟ್ಟದ ಮಳೆ ಹಿಮಗಳು ನೆಲದೊಳಗೆ ಇಂಗಿ, ಈ ಹಳ್ಳಿಯಲ್ಲಿ ಮನೆಮನೆಯಲ್ಲಿಯೂ ಬುಗ್ಗೆಯಾಗಿ ಉಕ್ಕುವುವು. ಮನೆಯೊಳಗೋ ಪಕ್ಕದಲ್ಲೋ ಆ ಬುಗ್ಗೆಗೆ ಕಟ್ಟಿದ ನೀರಿನ ಅಡಿಗೆಕಟ್ಟೆಗೆ ‘ಕಬಾತ’ ಎನ್ನುವರು. ಬುಗ್ಗೆಯ ನೀರು ಮೊದಲು ದುಂಡನೆಯ ತೊಟ್ಟಿಗೆ ಬೀಳುವುದು. ಕುಡಿಯುವುದಕ್ಕೂ ಕಾಯಿಪಲ್ಲೆಯನ್ನು ತಂಪಾಗಿಡುವುದಕ್ಕೂ ಅದು. ತುಂಬಿದ ಮೇಲೆ ಹೊರತೊಟ್ಟಿಗೆ ಹರಿಯುವುದು. ಪಾತ್ರೆ ತೊಳೆಯುವುದು ಅಲ್ಲಿ. ಆ ತೊಟ್ಟಿಯಲ್ಲಿ ದೊಡ್ಡ ಮೀನುಗಳು ಇರುವುವು. ಪಾತ್ರೆಗೆ ಅಂಟಿದ ಅನ್ನದ ಅಗುಳು, ಪಲ್ಯದ ಚೂರುಗಳನ್ನು ಅವು ತಿಂದು ಮುಗಿಸುವುವು. ಆಮೇಲೆ ನೀರು ಬೀದಿಯ ಕಾಲುವೆಗೆ, ಕಾಲುವೆಯಿಂದ ಸರೋವರಕ್ಕೆ. ಕೆಳಗಿನ ಮನೆಯವರೂ ಅದೇ ಕಾಲುವೆಯ ನೀರಿನ ಬಳಕೆದಾರರು. ಆದುದರಿಂದ ಮೇಲಿನ ಮನೆಯವರು ಕೊಳೆಯನ್ನು ಬಿಡುವುದಿಲ್ಲ. ನಮ್ಮ ಮನೆಯವರು ಬಹಳ ಹೊತ್ತು ನೋಡುತ್ತ ನಿಂತು, “ಇಲ್ಲಿ ಮುಸುರೆಯ ನೀರಿಗೂ ಮರ್ಯಾದೆ ಉಂಟು, ನೋಡಿದಿರಾ?” ಎಂದರು. ಇವು ಪ್ರದರ್ಶನದ ಗುಡಿಸಲುಗಳಲ್ಲ, ಜನ ಬಾಳುವ ಮನೆಗಳು. ಹಳ್ಳಿಯವರೇ ಆದ ಮಾರ್ಗದರ್ಶಕರೊಡನೆ ಮಾತ್ರ ಒಳಗೆ ಹೋಗಬಹುದು.

ಜಲಕ್ರೀಡೆ ಮತ್ತು ಎಚ್ಚರ

ಈಜುವವರಿಗೆ ಓಮಿ ಮಾಯ್ಕೊ ಎಂಬಲ್ಲಿ ಬಿಳಿಯ ಮರಳೂ ಪೈನ್ ಮರಗಳ ನೆರಳೂ ಇವೆ. ಬೈಸಿಕಲ್ಲಿನವರು ಸರೋವರವನ್ನೇ ಪ್ರದಕ್ಷಿಣೆ ಮಾಡುವರು. ಇದಕ್ಕೆ ‘ಬಿವಾಯಿಚಿ’ ಎಂದು ಹೆಸರು. ಪೂರ್ತಿ ದಾರಿ ಸುಮಾರು ೨೦೦ ಕಿಲೋಮೀಟರು. ೨೦೧೯ರಲ್ಲಿ ಸರಕಾರವು ಇದನ್ನು ರಾಷ್ಟ್ರೀಯ ಸೈಕಲ್ ದಾರಿಯೆಂದು ಸಾರಿತು. ನಾವು ದೇವರಿಗೆ ಬರುವ ಪ್ರದಕ್ಷಿಣೆಯಂತಲ್ಲ, ಇದು ಅಪ್ರದಕ್ಷಿಣೆ. ಅಲ್ಲಿಯೂ ವಾಹನಗಳು ರಸ್ತೆಯ ಎಡಕ್ಕೆ ಹೋಗುವುದರಿಂದ, ನೀರು ಎಡಕ್ಕಿರುವಂತೆ ಸುತ್ತಿದರೆ ಸರೋವರದ ಅಂಚು ಸದಾ ಹತ್ತಿರವಿರುವುದು. ಸಂಸಾರದೊಡನೆ ಹೋದವರು ಸೈಕಲ್ಲನ್ನು ಬಾಡಿಗೆಗೆ ಪಡೆದು ಹತ್ತು ಹದಿನೈದು ಕಿಲೋಮೀಟರು ಹೋಗಿಬಂದರೆ ಸಾಕು. ಹಿಕೋನೆಯ ತೀರದಲ್ಲಿ, ಯಂತ್ರವಿಲ್ಲದೆ ತಾವೇ ಕಟ್ಟಿದ ರೆಕ್ಕೆಗಳಲ್ಲಿ ನೀರಿನ ಮೇಲೆ ಹಾರುವವರ ಸ್ಪರ್ಧೆ ನಡೆಯುವುದು. ೧೯೭೭ರಲ್ಲಿ ಆರಂಭವಾದ ಈ ಆಟವನ್ನು ಜಪಾನೆಲ್ಲ ಬಲ್ಲುದು.

ದೋಣಿಯ ಮಾತು ಬಂದಾಗ ಎಚ್ಚರದ ಮಾತನ್ನೂ ಹೇಳಲೇಬೇಕು. ೧೯೧೭ರಲ್ಲಿ ಹುಟ್ಟುದೋಣಿಯಲ್ಲಿ ಸರೋವರವನ್ನು ಸುತ್ತುತ್ತ ಇಮಾಜುವಿನಲ್ಲಿ ತಂಗಿದ ವಿದ್ಯಾರ್ಥಿಗಳ ನಡುವೆ ಹುಟ್ಟಿದ ಹಾಡೊಂದು ಇಂದಿಗೂ ಜನಪ್ರಿಯ. ಆದರೆ ಅದೇ ನೀರಿನಲ್ಲಿ ೧೯೪೧ನೆಯ ಏಪ್ರಿಲ್ ೬ರಂದು ಅಭ್ಯಾಸಕ್ಕೆ ಹೊರಟ ಹನ್ನೊಂದು ಮಂದಿ ತರುಣರು ದೋಣಿಯೊಡನೆ ಮುಳುಗಿಹೋದರು. ಹಿರಾ ಬೆಟ್ಟದಿಂದ ಸರೋವರಕ್ಕೆ ಹಠಾತ್ತಾಗಿ ಬಿದ್ದುಬರುವ ಗಾಳಿಯುಂಟು. ಮಾರ್ಚಿಯ ಕೊನೆಯಲ್ಲಿ ಅದರ ರಭಸ ವಿಶೇಷ. ಪಶ್ಚಿಮದ ರೈಲುಗಾಡಿಗಳನ್ನೂ ಅದು ಆಗಾಗ ನಿಲ್ಲಿಸಿಬಿಡುವುದು. ನೀರು ಕನ್ನಡಿಯಂತೆ ಕಂಡರೂ ಸ್ಥಳದವರ ಮಾತನ್ನು ಕೇಳದೆ ದೋಣಿ ಬಿಡಬಾರದು. ತೇಲುವ ಅಂಗಿಯನ್ನು ತೊಡದೆ ಹತ್ತಬಾರದು.

ಗಾಳ ಹಾಕುವವರಿಗೂ ಒಂದು ನಿಯಮವುಂಟು. ೧೯೬೦ರಲ್ಲಿ ಯುವರಾಜ ಅಕಿಹಿತೋ ಅಮೆರಿಕಾದ ಷಿಕಾಗೋ ನಗರಕ್ಕೆ ಹೋಗಿದ್ದಾಗ ಬ್ಲೂಗಿಲ್ ಎಂಬ ಮೀನುಗಳು ಉಡುಗೊರೆಯಾಗಿ ಬಂದುವು. ಆಹಾರಕ್ಕಾಗಿ ಸಾಕಲೆಂದು ಅವನ್ನು ಸರಕಾರದ ಮೀನುಗಾರಿಕೆಯ ಸಂಶೋಧಕರಿಗೆ ಕೊಟ್ಟರು. ಆ ಸಂತತಿಯು ಹರಡಿ ಸರೋವರದ ಮೂಲಮೀನುಗಳ ಮೊಟ್ಟೆಮರಿಗಳನ್ನು ತಿನ್ನತೊಡಗಿತು. ಚಕ್ರವರ್ತಿಯಾದ ಮೇಲೆ ೨೦೦೭ರಲ್ಲಿ ಓತ್ಸುವಿಗೆ ಬಂದಾಗ ಅವರು ಇದಕ್ಕಾಗಿ ಬಹಿರಂಗವಾಗಿ ಮನನೊಂದು ಮಾತಾಡಿದರು. ೨೦೦೩ರಿಂದ ಶಿಗಾ ಪ್ರಾಂತದಲ್ಲಿ ಬ್ಲೂಗಿಲ್, ಕಪ್ಪು ಬಾಸ್ ಎಂಬ ಮೀನುಗಳನ್ನು ಹಿಡಿದರೆ ಮರಳಿ ನೀರಿಗೆ ಬಿಡಕೂಡದು. ದಡದಲ್ಲಿ ಅವಕ್ಕಾಗಿಯೇ ಪೆಟ್ಟಿಗೆಗಳನ್ನಿಟ್ಟಿರುವರು.

ಗೃಹಿಣಿಯರ ವ್ರತ

ಈಗ ನಾವು ಮೊದಲೇ ಸೂಚಿಸಿದ ವ್ರತದ ಮಾತು. ೧೯೭೭ನೆಯ ಇಸವಿ ಮೇ ತಿಂಗಳಿನಲ್ಲಿ ಸರೋವರದ ನೀರು ಕೆಂಗಂದು ಬಣ್ಣಕ್ಕೆ ತಿರುಗಿ ನಾರಲಾರಂಭಿಸಿತು. ಯೂರೋಗ್ಲೀನಾ ಎಂಬ ಸೂಕ್ಷ್ಮಜೀವಿಯು ಮಿತಿಮೀರಿ ಬೆಳೆದುದೇ ಕಾರಣ. ಅದಕ್ಕೆ ಮೇವು ಒದಗಿಸಿದುದು ಗದ್ದೆ, ಕಾರ್ಖಾನೆ, ಮನೆಗಳಿಂದ ಹರಿದುಬಂದ ರಂಜಕವೇ ಮೊದಲಾದ ದ್ರವ್ಯಗಳು. ಆ ರಂಜಕದ ಒಂದು ಪಾಲು ಬಟ್ಟೆ ಒಗೆಯುವ ಹೊಸ ಮಾರ್ಜಕ ಪುಡಿಗಳಲ್ಲಿತ್ತು. ಕಾರ್ಖಾನೆಯವರನ್ನು ದೂರಿ ಸುಮ್ಮನಾಗಬಹುದಾಗಿತ್ತು. ಶಿಗಾದ ಹೆಂಗಸರು ಹಾಗೆ ಮಾಡದೆ ಮೊದಲು ತಮ್ಮ ಬಚ್ಚಲನ್ನು ನೋಡಿಕೊಂಡರು.

ಅವರು ಸಂಘಗಳಲ್ಲಿ ಕೂಡಿ ಮಾತಾಡಿ, ರಂಜಕವುಳ್ಳ ಪುಡಿಯನ್ನು ಬಿಟ್ಟು ಸಾಬೂನಿನ ಪುಡಿಯನ್ನು ಹಿಡಿದರು. ಅಡಿಗೆಯಲ್ಲಿ ಕರಿದು ಉಳಿದ ಎಣ್ಣೆಯನ್ನು ಚರಂಡಿಗೆ ಚೆಲ್ಲದೆ ಕೂಡಿಸಿ ಅದರಿಂದಲೇ ಸಾಬೂನು ಮಾಡಿಸಿದರು. ಇದು ಸುಲಭದ ಮಾತಲ್ಲವೆಂಬುದನ್ನು ಬಟ್ಟೆ ಒಗೆದ ಕೈಗಳು ಮಾತ್ರ ಬಲ್ಲುವು. ಸಾಬೂನಿನ ಪುಡಿ ತಣ್ಣೀರಿನಲ್ಲಿ ಬೇಗ ಕರಗದು; ಚೆನ್ನಾಗಿ ಜಾಲಿಸದಿದ್ದರೆ ಬಿಳಿಯ ಬಟ್ಟೆ ಹಳದಿಗಟ್ಟುವುದು. ಆದರೂ ಬಿಡಲಿಲ್ಲ. ಮಾರ್ಜಕ ತಯಾರಿಸುವವರು ಬಲವಾಗಿ ವಿರೋಧಿಸಿದರೂ ಪ್ರಾಂತದ ಸಭೆಯು ೧೯೭೯ರಲ್ಲಿ ಕಟ್ಟಳೆಯೊಂದನ್ನು ಮಾಡಿತು. ರಂಜಕ ಸೇರಿದ ಮಾರ್ಜಕಗಳನ್ನು ಮನೆಬಳಕೆಗೆ ಮಾರಬಾರದು, ಬಳಸಬಾರದು, ಉಡುಗೊರೆಯಾಗಿಯೂ ಕೊಡಬಾರದು. ೧೯೮೦ನೆಯ ಜುಲೈ ೧ರಿಂದ ಅದು ಜಾರಿಗೆ ಬಂದಿತು. ಆಮೇಲೆ ತಯಾರಕರೇ ರಂಜಕವಿಲ್ಲದ ಪುಡಿಯನ್ನು ಮಾಡಿದರು. ಜುಲೈ ೧ನ್ನು ಇಂದಿಗೂ ‘ಬಿವಾ ಸರೋವರದ ದಿನ’ವೆಂದು ಆಚರಿಸಿ, ಜನರು ಸಂಸಾರಸಮೇತ ದಡಕ್ಕೆ ಬಂದು ಕಸ ಆಯುವರು.

ವ್ರತ ಹಿಡಿದ ಮಾತ್ರಕ್ಕೆ ಸಂಕಟವೆಲ್ಲ ಕಳೆಯಿತೆಂದು ನಾವು ಹೇಳೆವು. ೧೯೮೩ರಲ್ಲಿ ದಕ್ಷಿಣ ಸರೋವರದಲ್ಲಿ ಹಸಿರು ಪಾಚಿ ಕಾಣಿಸಿಕೊಂಡಿತು. ಕೊಳೆನೀರಿನ ಶುದ್ಧಿಗೆ ಪ್ರಾಂತವು ಅಪಾರ ಹಣ ಸುರಿಯಬೇಕಾಯಿತು. ದಡದ ಜೊಂಡುಹುಲ್ಲನ್ನು ಉಳಿಸಲು ೧೯೯೨ರಲ್ಲಿ ಬೇರೊಂದು ಕಟ್ಟಳೆ ಬೇಕಾಯಿತು. ಮೀನು ಮೊಟ್ಟೆಯಿಡುವುದೂ ಹಕ್ಕಿ ಗೂಡುಕಟ್ಟುವುದೂ ಆ ಜೊಂಡಿನ ನಡುವೆ.

ಈಗಿನ ಭಯವು ಇನ್ನೂ ಆಳದ್ದು. ಪ್ರತಿವರ್ಷ ಚಳಿಗಾಲದಲ್ಲಿ ಉತ್ತರ ಸರೋವರದ ಮೇಲುನೀರು ತಣ್ಣಗಾಗಿ ಭಾರವಾಗಿ ಕೆಳಗಿಳಿದು, ತನ್ನೊಡನೆ ಪ್ರಾಣವಾಯುವನ್ನು ತಳಕ್ಕೆ ಕೊಂಡೊಯ್ಯುವುದು. ಇದನ್ನು ಸರೋವರದ ದೀರ್ಘಶ್ವಾಸವೆನ್ನುವರು. ೨೦೧೮–೧೯ರ ಚಳಿಗಾಲವು ಬೆಚ್ಚಗಿದ್ದುದರಿಂದ ಆ ಉಸಿರು ತಳದವರೆಗೆ ಇಳಿಯಲಿಲ್ಲ. ೧೯೭೯ರಿಂದ ಅಳೆಯುತ್ತ ಬಂದವರಿಗೆ ಅದು ಹೊಸ ಸಂಗತಿ. ಮರುವರ್ಷವೂ ಹಾಗೆಯೇ ಆಯಿತು. ೨೦೨೧ರಲ್ಲಿ ನೀರು ಮತ್ತೆ ಉಸಿರೆಳೆದಾಗ ಜನ ನಿಟ್ಟುಸಿರು ಬಿಟ್ಟರು. ಬಚ್ಚಲಿನ ಪುಡಿಯನ್ನು ಬದಲಿಸಿದಷ್ಟು ಸುಲಭವಾಗಿ ಲೋಕದ ಬಿಸಿಯನ್ನು ಒಂದು ಪ್ರಾಂತದವರು ಬದಲಿಸಲಾರರು. ಈ ಭಯ ಕಳೆದುಹೋಗಿಲ್ಲ.

ತೇಲುವ ಪಾಠಶಾಲೆ

ಮೇಷ್ಟರ ಕೆಲಸದಲ್ಲಿ ತಲೆ ನರೆಸಿದ ನಮಗೆ ಎಲ್ಲಕ್ಕಿಂತ ಮೆಚ್ಚಿಗೆಯಾದ ಸಂಗತಿಯನ್ನು ಕೊನೆಗೆ ಇಟ್ಟಿರುವೆವು. ಶಿಗಾ ಪ್ರಾಂತವು ೧೯೮೩ರಲ್ಲಿ ಒಂದು ಹಡಗನ್ನೇ ಪಾಠಶಾಲೆಯನ್ನಾಗಿ ಮಾಡಿತು. ಅದರ ಹೆಸರು ‘ಉಮಿನೊಕೊ’, ಎಂದರೆ ಸರೋವರದ ಕೂಸು. ಪ್ರಾಂತದ ಐದನೆಯ ತರಗತಿಯ ಮಕ್ಕಳು ಒಂದು ರಾತ್ರಿ ಎರಡು ಹಗಲು ಈ ಹಡಗಿನಲ್ಲಿರುವುದು ವಾಡಿಕೆ. ಬಡವರ ಮಗು, ಸಿರಿವಂತರ ಮಗು ಎಂಬ ಭೇದವಿಲ್ಲ. ಮಕ್ಕಳು ನೀರು ಎಷ್ಟು ಆಳದವರೆಗೆ ತಿಳಿಯಾಗಿ ಕಾಣುವುದೆಂದು ಅಳೆಯುವರು. ಒಂದು ಹನಿಯನ್ನು ಸೂ‍ಕ್ಷ್ಮದರ್ಶಕದಲ್ಲಿಟ್ಟು ಅದರಲ್ಲಿ ಓಡಾಡುವ ಜೀವಿಗಳನ್ನು ನೋಡುವರು. ಬೇರೆ ಶಾಲೆಯ ಮಕ್ಕಳೊಡನೆ ಬೆರೆತು ಉಣ್ಣುವರು. ಹಳೆಯ ಹಡಗು ಸವೆದ ಮೇಲೆ ೨೦೧೮ರಲ್ಲಿ ಹೊಸದನ್ನು ನೀರಿಗಿಳಿಸಿರುವರು. ಇದುವರೆಗೆ ಐದು ಲಕ್ಷಕ್ಕೂ ಮಿಕ್ಕ ಮಕ್ಕಳು ಈ ಪಾಠವನ್ನು ಕಲಿತಿರುವರು. ಮೊದಲ ವರ್ಷಗಳಲ್ಲಿ ಹಡಗೇರಿದ ಮಕ್ಕಳು ಈಗ ತಾಯಿತಂದೆಗಳಾಗಿ ತಮ್ಮ ಮಕ್ಕಳನ್ನು ಅದೇ ಬಂದರಿಗೆ ಕಳುಹಿಸುವ ವಯಸ್ಸಿನವರು. ಆಟವೆಂದುಕೊಂಡು ಹತ್ತಿದ ಮಗು ಕಾವಲುಗಾರನಾಗಿ ಇಳಿಯುವುದು. ಇದಕ್ಕಿಂತ ಒಳ್ಳೆಯ ವಿಹಾರವೂ ಇಲ್ಲ, ಇದಕ್ಕಿಂತ ಒಳ್ಳೆಯ ಪಾಠವೂ ಇಲ್ಲ.

ಜಪಾನಿಗೆ ಹೋಗುವ ಅನುಕೂಲವುಳ್ಳ ಸಂಸಾರಗಳು ಈಗ ನಮ್ಮಲ್ಲಿ ಬಹಳ. ಮಕ್ಕಳು ಅಲ್ಲಿ ಉದ್ಯೋಗದಲ್ಲಿರುವ ತಾಯಿತಂದೆಗಳೂ ಉಂಟು. ಅಂಥವರು ಕ್ಯೋಟೋವಿನ ಗುಡಿಗಳನ್ನು ನೋಡಿ ಹಿಂತಿರುಗದೆ, ಬೆಟ್ಟದಾಚೆಯ ಈ ನೀರಿಗೆ ಮೂರು ನಾಲ್ಕು ದಿನಗಳನ್ನು ಮೀಸಲಿಡಲಿ. ಒಂದು ದಿನಕ್ಕೆ ಒಂದೇ ದಡ, ಅವಸರ ಬೇಡ. ಕಸವನ್ನು ಹಾಕಲು ಅಲ್ಲಿ ಬೀದಿಯಲ್ಲಿ ತೊಟ್ಟಿಗಳು ಕಡಿಮೆ. ಚೀಲವೊಂದನ್ನು ಇಟ್ಟುಕೊಂಡು ತಮ್ಮದನ್ನು ತಾವೇ ಹೊತ್ತು ತರಬೇಕು. ಹೋಗಲಾರದವರು ಮನೆಯಲ್ಲಿಯೇ ಇದ್ದು ಹಾರಿಯೆಯ ಆ ತೊಟ್ಟಿಗಳನ್ನು ನೆನೆಯಲಿ. ಬಚ್ಚಲಿನಿಂದ ಹೊರಟ ನೀರು ಎಲ್ಲಿಗೋ ಹೋಗಿ ಮುಗಿದುಹೋಗುವುದಿಲ್ಲ. ಕೆಳಗಡೆ ಇನ್ನೊಂದು ಮನೆಯಿರುವುದು, ಅಲ್ಲಿಯೂ ಒಬ್ಬ ಗೃಹಿಣಿ ಕೊಡ ಹಿಡಿದು ನಿಂತಿರುವಳು.